ತವರದ ಪದಕ, ಮೂರು ಲೇಬಲ್ಲು

ಮಂಡ್ಯದ ಕಡೆಯವಳಾದ ನನಗೆ ಶ್ರೀರಂಗಪಟ್ಟಣ ಎಂದರೆ ಬಸ್ಸಿನ ಕಿಟಕಿಯಲ್ಲಿ ಹಾದುಹೋಗುವ ಕೋಟೆಗೋಡೆ, ಪಶ್ಚಿಮವಾಹಿನಿಯಲ್ಲಿ ಅಜ್ಜನ ಅಸ್ಥಿ ಬಿಟ್ಟ ಬೆಳಗು. ಅದೇ ಊರು ನಾನು ಕೆಲಸ ಮಾಡುವ ಇಂಗ್ಲೆಂಡಿನ ಸಣ್ಣ ಮ್ಯೂಸಿಯಂ ಒಂದರ ಡ್ರಾಯರಿನಲ್ಲಿ ಎದುರಾದೀತು ಎಂದುಕೊಂಡಿರಲಿಲ್ಲ. ಅಂಗೈಯಲ್ಲಿ ಅಡಗುವಷ್ಟು, ಬೂದಿಬಣ್ಣಕ್ಕೆ ತಿರುಗಿದ ತವರದ ಪದಕ. ಒಂದು ಮುಖದಲ್ಲಿ ಹುಲಿಯನ್ನು ಕೆಡವಿಕೊಂಡ ಸಿಂಹ, ಇನ್ನೊಂದರಲ್ಲಿ ಕೋಟೆಗೆ ಲಗ್ಗೆ ಇಡುತ್ತಿರುವ ಸೈನ್ಯ. ತಾರೀಖು 4 ಮೇ 1799, ಟಿಪ್ಪು ಸತ್ತ ದಿನ. ಲೇಬಲ್ಲಿನಲ್ಲಿ ಒಂದೇ ಸಾಲು: ‘ಶ್ರೀರಂಗಪಟ್ಟಣದ ವಿಜಯದ ಸ್ಮರಣೆಗೆ’. ಯಾರ ವಿಜಯ ಅಂತ ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

2023ರ ಫೆಬ್ರುವರಿಯಲ್ಲಿ ಮ್ಯಾಂಚೆಸ್ಟರ್ ಮ್ಯೂಸಿಯಂ ತನ್ನ ದಕ್ಷಿಣ ಏಷ್ಯಾ ಗ್ಯಾಲರಿ ತೆರೆದಿತ್ತು. ಅದನ್ನು ರೂಪಿಸಿದ್ದು ಮ್ಯೂಸಿಯಂ ಹೊರಗಿನ 30 ಜನರ ತಂಡ. ನೋಡಿಬಂದ ಉಮೇದಿನಲ್ಲಿ ನಾನೂ ಈ ಪದಕವನ್ನು ಹೊಸ ಲೇಬಲ್ಲಿನೊಂದಿಗೆ ಪ್ರದರ್ಶನಕ್ಕಿಡಲು ಎಂಟು ಜನರನ್ನು ಒಂದು ಶನಿವಾರ ಕೂರಿಸಿಕೊಂಡೆ. ಮೂವರು ಕನ್ನಡದವರು, ಉಳಿದವರು ಜಮೈಕಾ, ಪಾಕಿಸ್ತಾನ, ಐರ್ಲೆಂಡ್ ಮೂಲದ ಅದೇ ಊರಿನವರು. ಪದಕವನ್ನು ಮೇಜಿನ ಮೇಲಿಟ್ಟು, “ಇದನ್ನು ನೋಡಿದರೆ ನಿಮಗೆ ಏನನ್ನಿಸುತ್ತದೆ?” ಎಂದು ಕೇಳಿದೆ.

ಜಮೈಕಾ ಮೂಲದ ನಿವೃತ್ತ ಬಸ್ ಡ್ರೈವರ್ ಒಬ್ಬರು ನಕ್ಕುಬಿಟ್ಟರು. “ನಮಗೆ ಏನನ್ನಿಸುತ್ತೆ ಅಂತ ಎಲ್ಲರೂ ಕೇಳ್ತಾರೆ. ಕೊನೆಗೆ ಬೋರ್ಡಿನ ಮೇಲೆ ಏನು ಬರೀಬೇಕು ಅಂತ ತೀರ್ಮಾನ ಮಾಡೋರು ಯಾರು?”

ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಎರಡು ವಾರ ಸಭೆ ನಿಲ್ಲಿಸಿ ಮೇಲಿನವರ ಹಿಂದೆ ಬಿದ್ದೆ. ಲೇಬಲ್ಲಿನ ಮಾತು ತಂಡದ್ದು; ತಪ್ಪು ಮಾಹಿತಿ ಮತ್ತು ಉದ್ದ ಇವೆರಡನ್ನು ಮಾತ್ರ ಮ್ಯೂಸಿಯಂ ತಿದ್ದಬಹುದು; ಕೂತ ಗಂಟೆಗೆ ದುಡ್ಡು ಕೊಡಬೇಕು. ಇದಿಷ್ಟನ್ನೂ ಕಾಗದದ ಮೇಲೆ ಬರೆಸಿಕೊಂಡೆ. ಅಲ್ಲಿಯವರೆಗೆ ಕೊಡುತ್ತಿದ್ದುದು ಬಸ್ ಚಾರ್ಜು ಮತ್ತು ಬಿಸ್ಕೆಟ್ಟು.

ಆಮೇಲೆ ಭಾವನೆ ಬಿಟ್ಟು ಲೋಹದಿಂದ ಶುರು ಮಾಡಿದೆವು. ಈ ಪದಕಗಳನ್ನು ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋದಲ್ಲಿ, ಮ್ಯಾಥ್ಯೂ ಬೋಲ್ಟನ್ನನ ಟಂಕಸಾಲೆಯಲ್ಲಿ ಅಚ್ಚು ಹಾಕಿದ್ದು. ಸೇನಾಪತಿಗಳಂಥ ದೊಡ್ಡವರಿಗೆ ಚಿನ್ನ, ಅವರ ಕೆಳಗಿನವರಿಗೆ ಚಿನ್ನದ ಮುಲಾಮಿನ ಬೆಳ್ಳಿ, ಆಮೇಲೆ ಬರೀ ಬೆಳ್ಳಿ, ಆಮೇಲೆ ಕಂಚು, ಸಾಮಾನ್ಯ ಸೈನಿಕರಿಗೂ ನಮ್ಮ ಸಿಪಾಯಿಗಳಿಗೂ ತವರ. ಈಸ್ಟ್ ಇಂಡಿಯಾ ಕಂಪನಿ ರಾಜ್ಯದ ಮೆಟ್ಟಿಲುಗಳೆಲ್ಲ ಒಂದೇ ಅಚ್ಚಿನಲ್ಲಿ! ಅರ್ಧ ದಿನ ಇದೇ ಮಾತು. ಮೊದಲ ಲೇಬಲ್ ಅಲ್ಲೇ ಹುಟ್ಟಿತು. ಅದರಲ್ಲಿ ‘ಲೂಟಿ’ ಎಂಬ ಪದ ಬೇಕೇ ಬೇಕೆಂದು ತಂಡ ಹಟ ಹಿಡಿಯಿತು. ಇಂಗ್ಲಿಷರು ಆ ಪದವನ್ನೂ ನಮ್ಮ ಕಡೆಯಿಂದಲೇ ಒಯ್ದದ್ದು ತಾನೆ, ಬಳಸಲು ಸಂಕೋಚವೇಕೆ?

ಕಷ್ಟ ಬಂದದ್ದು ನಮ್ಮವರಿಂದಲೇ. ಮೂವರು ಕನ್ನಡಿಗರಲ್ಲಿ ಒಬ್ಬರಿಗೆ ಟಿಪ್ಪು ಬ್ರಿಟಿಷರ ಮುಂದೆ ತಲೆಬಾಗದೆ ಸತ್ತವನು. ಇನ್ನೊಬ್ಬರು ಕೊಡವರು. ಮೂರನೆಯವರು ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರು. ಟಿಪ್ಪು ಕಾಲದಲ್ಲಿ ತಮ್ಮವರು ಸತ್ತರೆಂದು ಅವರ ಮನೆಯಲ್ಲಿ ದೀಪಾವಳಿಯೇ ಇಲ್ಲ. ಮೂರನೇ ಶನಿವಾರ ಊರಿನ ಜಗಳವೆಲ್ಲ ಆ ಮೇಜಿನ ಮೇಲೆ ಬಿತ್ತು. ಒಬ್ಬರು ಎದ್ದುಹೋದರು. ಬೇರೆಯವರು ಕಕ್ಕಾಬಿಕ್ಕಿ. ಭಾಷಾಂತರ ಮಾಡಬೇಕಾದ ನಾನೇ ಅರ್ಧ ನುಂಗಿದೆ; ಆ ತಪ್ಪು ನನ್ನದು.

ವಿಷಯ ತಿಳಿದ ನನ್ನ ಸಹೋದ್ಯೋಗಿಯೊಬ್ಬರಿಗೆ ಮಾತ್ರ ಖುಷಿಯೋ ಖುಷಿ. “ನೋಡಿ, ಎಷ್ಟು ಸಂಕೀರ್ಣ! ಲೂಟಿ ಅನ್ನೋ ಪದ ತೆಗೆದು ಇದನ್ನೇ ಹಾಕೋಣ.” ಅದನ್ನು ತಂಡಕ್ಕೆ ಹೇಳಿದಾಗ ಸಿಡಿದೆದ್ದವರು ಮೇಲುಕೋಟೆಯವರೇ. “ನಮ್ಮ ಮನೆಯ ನೋವು ಕಂಪನಿ ಲೂಟಿಗೆ ರಸೀದಿ ಅಲ್ಲ” ಎಂದರು. ಎದ್ದುಹೋದವರೂ ವಾಪಸು ಬಂದರು, ಮಾತಾಡಿಕೊಂಡು ರಾಜಿಯಾದರು ಅಂತಲ್ಲ. ಕೊನೆಗೂ ಒಪ್ಪಂದವಾಗಲಿಲ್ಲ, ಮೂರು ಲೇಬಲ್ ಆದವು. ಯಾವುದು ಮೇಲೆ ಅಂತ ಮತ್ತೆ ಜಗಳ ಬಂದಾಗ ಮೂರನ್ನೂ ಒಂದೇ ಎತ್ತರಕ್ಕೆ ಅಡ್ಡಡ್ಡ ಹಾಕಿದೆವು.

ನೋಡಲು ಬಂದವರು ಬರೆದು ಹಾಕಲು ಚೀಟಿಯ ಪೆಟ್ಟಿಗೆಯನ್ನೂ ಇಟ್ಟಿದ್ದೆವು. ಮೊದಲ ವಾರವೇ ‘ನಿಮ್ಮ ದೇಶಕ್ಕೆ ಹೋಗಿ’ ಎಂಬ ಚೀಟಿ ಬಂತು, ಅದಕ್ಕಿಂತ ಹೊಲಸಾದವೂ ಬಂದವು. ಪೆಟ್ಟಿಗೆಯನ್ನು ದಿನಾ ಬೆಳಗ್ಗೆ ತೆರೆಯುತ್ತಿದ್ದವಳು ಮುಂಬಾಗಿಲಲ್ಲಿ ಟಿಕೆಟ್ ಕೊಡುವ ಪಾಕಿಸ್ತಾನಿ ಮೂಲದ ಹುಡುಗಿ. ಆ ಚೀಟಿಗಳನ್ನು ಮೊಟ್ಟಮೊದಲು ಓದುವವಳು ಅವಳೇ ಎಂಬುದು ನನಗೆ ಹೊಳೆದಿರಲೇ ಇಲ್ಲ. ಅವಳು ಹೇಳಿದ್ದೂ ಹತ್ತು ದಿನದ ಮೇಲೆ. ಅಂದಿನಿಂದ ಸಂಜೆ ಬೀಗ ಹಾಕಿದ ಮೇಲೆ ನಾನೇ ಓದತೊಡಗಿದೆ. ಅಂಥ ಚೀಟಿ ಗೋಡೆಗೆ ಬೇಡ, ಹರಿಯುವುದೂ ಬೇಡ, ತಾರೀಖು ಹಾಕಿ ಫೈಲಿನಲ್ಲಿಡಿ ಎಂದು ತಂಡ ತೀರ್ಮಾನಿಸಿತು.

ನಾಲ್ಕು ತಿಂಗಳಿಗೆ ಪ್ರದರ್ಶನ ಮುಗಿದು, ಪದಕ ಮತ್ತೆ ಡ್ರಾಯರಿಗೆ ಹೋಯಿತು. ಡ್ರಾಯರ್ ಮುಚ್ಚುವ ಮೊದಲು ಬಸ್ ಡ್ರೈವರ್ ಕೇಳಿದರು, “ಕಂಪ್ಯೂಟರಿನಲ್ಲಿ ಏನಿದೆ?” ತೆರೆದು ತೋರಿಸಿದೆ. ಅದೇ ಹಳೇ ಒಂದು ಸಾಲು. ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಮೂರು ಲೇಬಲ್ಲುಗಳನ್ನೂ ದಾಖಲೆಗೆ ಸೇರಿಸಿ ಸೇವ್ ಒತ್ತುವವರೆಗೆ ಏಳಲಿಲ್ಲ.