ಓಸ್ಲೋದಲ್ಲಿ ಒಂದೇ ಟಿಕೆಟ್‌ನಲ್ಲಿ ಕಾಡು, ಕಡಲು, ಬೆಟ್ಟ ಸುತ್ತುವುದು ಹೇಗೆ

ನಾರ್ವೆಯ ರಾಜಧಾನಿ ಓಸ್ಲೋ ದುಬಾರಿ ಊರು, ಅದರಲ್ಲಿ ಎರಡು ಮಾತಿಲ್ಲ. ಹೋಟೆಲಿನಲ್ಲಿ ಒಂದು ಊಟ ಮಾಡಿ ಬಿಲ್ಲನ್ನು ರೂಪಾಯಿಗೆ ಲೆಕ್ಕ ಹಾಕಿದರೆ ತಿಂದದ್ದು ಗಂಟಲಲ್ಲೇ ನಿಲ್ಲುತ್ತದೆ. ಆದರೆ ಈ ಊರಲ್ಲಿ ನೋಡಬೇಕಾದ್ದು ಜಾಸ್ತಿ ಇರುವುದು ಹೊರಗೆ, ಬಯಲಲ್ಲಿ. ಅದರಲ್ಲಿ ಹೆಚ್ಚಿನದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಅಲ್ಲಿಗೆ ಹೋಗುವ ಖರ್ಚೊಂದೇ ನಿಮ್ಮದು. ಹಾಗಾಗಿ ಮೊದಲು ಟಿಕೆಟ್ ವಿಷಯ ಮುಗಿಸೋಣ.

ಊರಿನ ಸಾರಿಗೆಯನ್ನು ನೋಡಿಕೊಳ್ಳುವ ಸಂಸ್ಥೆಯ ಹೆಸರು ರೂಟರ್. ಫೋನಿನಲ್ಲಿ ಅವರ ಆ್ಯಪ್ ಹಾಕಿಕೊಳ್ಳಿ, ಝೋನ್ 1ರ (ಅಂದರೆ ಓಸ್ಲೋ ಊರಿನೊಳಗಿನ ಓಡಾಟದ) 24 ಗಂಟೆ ಟಿಕೆಟ್ ತೊಗೊಳ್ಳಿ. ಒಂಟಿ ಟಿಕೆಟ್ ಮೂರ್ನಾಲ್ಕು ಸಲ ತೊಗೊಂಡರೆ ಇದರ ದುಡ್ಡು ಹುಟ್ಟಿಬಿಡುತ್ತದೆ, ಮತ್ತು ಬೆಳಿಗ್ಗೆ ಹೊರಟವರು ಸಂಜೆಯೊಳಗೆ ಅಷ್ಟು ಸಲ ಹತ್ತಿ ಇಳಿದೇ ಇಳಿಯುತ್ತಾರೆ. ಮೆಟ್ರೋ (ಅಲ್ಲಿಯವರು ಟಿ-ಬಾನೆ ಅನ್ನುತ್ತಾರೆ), ಟ್ರಾಮ್, ಬಸ್ಸು, ಜೊತೆಗೆ ದ್ವೀಪಗಳಿಗೆ ಹೋಗುವ ದೋಣಿ, ಎಲ್ಲಕ್ಕೂ ಇದೇ ಟಿಕೆಟ್. ನಿಲ್ದಾಣದಲ್ಲಿ ಗೇಟು ಇಲ್ಲ, ಯಾರೂ ಕೇಳುವುದಿಲ್ಲ ಅಂತ ಸುಮ್ನೆ ಹತ್ತಿಬಿಡಬೇಡಿ. ತಪಾಸಣೆಯವರು ಯಾವಾಗ ಬೇಕಾದರೂ ಬರುತ್ತಾರೆ, ದಂಡ ಕೈ ಸುಡುತ್ತದೆ. ಇನ್ನು ಓಸ್ಲೋ ಪಾಸ್ ಅಂತ ಒಂದಿದೆ. ಅದರಲ್ಲಿ ಮ್ಯೂಸಿಯಂಗಳೂ ಸೇರಿರುತ್ತವೆ. ದಿನಕ್ಕೆ ಎರಡು ಮೂರು ಮ್ಯೂಸಿಯಂ ನೋಡುವ ಉತ್ಸಾಹ ಇದ್ದವರಿಗೆ ಮಾತ್ರ ಅದು ಗಿಟ್ಟುತ್ತದೆ.

ಬೇಸಿಗೆಯಲ್ಲಿ ಹೋದರೆ ದ್ವೀಪಗಳಿಂದ ಶುರು ಮಾಡಿ. ಕೆಂಪು ಇಟ್ಟಿಗೆಯ ಸಿಟಿ ಹಾಲ್ ಇದೆಯಲ್ಲ, ಪ್ರತಿ ಡಿಸೆಂಬರ್ 10ರಂದು ನೊಬೆಲ್ ಶಾಂತಿ ಪ್ರಶಸ್ತಿ ಕೊಡುವ ಕಟ್ಟಡ, ಅದರ ಎದುರಿನ ದಕ್ಕೆಯಿಂದ ದೋಣಿ ಹೊರಡುತ್ತದೆ. ಅದೇ ದಕ್ಕೆಯಲ್ಲಿ ಪ್ರವಾಸಿಗರಿಗೆಂದೇ ಇರುವ ಕ್ರೂಸ್ ಬೋಟುಗಳೂ ನಿಂತಿರುತ್ತವೆ, ಅವುಗಳ ಬೆಲೆಯೇ ಬೇರೆ. ರೂಟರ್ ದೋಣಿ ಯಾವುದು ಅಂತ ನೋಡಿಕೊಂಡು ಹತ್ತಿ. ಹೋವೆಡೊಯಾ ದ್ವೀಪ ಹತ್ತು ನಿಮಿಷವೂ ದೂರ ಇಲ್ಲ. ಅಲ್ಲಿ 1147ರಲ್ಲಿ ಇಂಗ್ಲೆಂಡಿನಿಂದ ಬಂದ ಕ್ರೈಸ್ತ ಸನ್ಯಾಸಿಗಳು ಕಟ್ಟಿದ ಮಠದ ಪಾಳು ಗೋಡೆಗಳಿವೆ. 1532ರಲ್ಲಿ ಅದಕ್ಕೆ ಬೆಂಕಿ ಬಿತ್ತು, ಆಮೇಲೆ ಅದರ ಕಲ್ಲುಗಳನ್ನು ದಡದಲ್ಲಿರುವ ಆಕೆರ್ಸ್‌ಹೂಸ್ ಕೋಟೆಗೆ ಹೊತ್ತೊಯ್ದರು. ಈಗ ಆ ಗೋಡೆಗಳ ಪಕ್ಕ ಜನ ಟವೆಲ್ ಹಾಸಿಕೊಂಡು ಬಿಸಿಲು ಕಾಯುತ್ತಾರೆ. ದ್ವೀಪದ ಕೆಲವು ಭಾಗ ಸಂರಕ್ಷಿತ ಪ್ರದೇಶ, ಅಲ್ಲಿ ಹೂವು ಕೀಳಬೇಡಿ.

ಅಲ್ಲಿಂದ ಮುಂದಿನ ದೋಣಿ ಹಿಡಿದು ಲಿಂಡೊಯಾ, ಗ್ರೆಸ್‌ಹೋಲ್ಮೆನ್ ಕಡೆಗೆ ಹೋಗಬಹುದು. ಲಿಂಡೊಯಾದಲ್ಲಿ ಸಾಲು ಸಾಲು ಬಣ್ಣದ ಪುಟ್ಟ ಮನೆಗಳಿವೆ. ಚೆಂದ ಇವೆ ಅಂತ ಯಾರದೋ ಅಂಗಳದೊಳಗೆ ನುಗ್ಗಿ ಸೆಲ್ಫಿ ತೆಗೆಯಬೇಡಿ, ಅಷ್ಟೆ. ಮರಳ ದಂಡೆ, ಈಜು ಬೇಕು ಅನ್ನುವವರಿಗೆ ಲಾಂಗೊಯೆನೆ ಒಳ್ಳೆಯದು. ಹಿಂದೆ ಅದು ಎರಡು ದ್ವೀಪ ಆಗಿತ್ತು. ನಡುವಿನ ಜಾಗಕ್ಕೆ ಊರಿನ ಕಸ ತುಂಬಿ ತುಂಬಿ ಒಂದು ಮಾಡಿದರು, ಈಗ ಅದರ ಮೇಲೇ ಹುಲ್ಲು ಬೆಳೆದು ಮಕ್ಕಳು ಚೆಂಡು ಆಡುತ್ತಾರೆ. ಈ ದ್ವೀಪಗಳಲ್ಲಿ ಟೆಂಟ್ ಹಾಕಲು ಬಿಡುವುದು ಇಲ್ಲಿ ಮಾತ್ರ. ಅಲ್ಲಿಗೆ ದೋಣಿ ಬೇಸಿಗೆಯಲ್ಲಷ್ಟೇ ಇರುತ್ತದೆ. ಯಾವ ದ್ವೀಪಕ್ಕೆ ಹೋದರೂ ಇಳಿದ ಕೂಡಲೇ ಕೊನೆ ದೋಣಿ ಎಷ್ಟು ಹೊತ್ತಿಗೆ ಅಂತ ನೋಡಿಟ್ಟುಕೊಳ್ಳಿ. ಇವಕ್ಕೆ ಸೇತುವೆ ಇಲ್ಲ, ಮತ್ತು ಜೂನ್ ತಿಂಗಳಲ್ಲಿ ರಾತ್ರಿ ಹತ್ತೂವರೆಯಾದರೂ ಸೂರ್ಯ ಮುಳುಗಿರುವುದಿಲ್ಲ, ಹಾಗಾಗಿ ಬೆಳಕು ನೋಡಿ ಹೊತ್ತು ಅಂದಾಜು ಮಾಡಲು ಹೋದರೆ ಕೆಟ್ಟಿರಿ.

ಇನ್ನು ಕಾಡು. ನನ್ನ ಕೇಳಿದರೆ ಓಸ್ಲೋದ ದೊಡ್ಡ ಆಕರ್ಷಣೆ ಇದೇ. ರಾಜಧಾನಿಯ ಮೆಟ್ರೋ ಹತ್ತಿ ಕೊನೆ ಸ್ಟಾಪಿನಲ್ಲಿ ಇಳಿದರೆ ಎದುರಿಗೆ ಸ್ಪ್ರೂಸ್ ಮರಗಳ ಕಾಡು. ಊರಿನ ಸುತ್ತಲಿನ ಈ ಕಾಡಿಗೆ ಮಾರ್ಕಾ ಅನ್ನುತ್ತಾರೆ. ಅದನ್ನು ಕಡಿದು ಮನೆ ಕಟ್ಟಬಾರದು ಅಂತಲೇ 2009ರಲ್ಲಿ ಒಂದು ಕಾನೂನು ಮಾಡಿದ್ದಾರೆ. ಹೋಗಲು ಎರಡು ಬಾಗಿಲು. ಮೆಟ್ರೋ 5ನೇ ಲೈನ್ ಹಿಡಿದರೆ ಸೋಂಗ್ಸ್‌ವಾನ್ ಕೆರೆ. ಅದರ ಸುತ್ತ ಸುಮಾರು ಮೂರೂಕಾಲು ಕಿ.ಮೀ. ಸಮತಟ್ಟು ದಾರಿ, ವಯಸ್ಸಾದ ಅಪ್ಪ ಅಮ್ಮ, ಗಾಡಿಯಲ್ಲಿ ಮಗು ಇದ್ದರೂ ಆರಾಮಾಗಿ ಸುತ್ತಬಹುದು. 1ನೇ ಲೈನ್ ಹಿಡಿದರೆ ಬೆಟ್ಟ ಹತ್ತುತ್ತಾ ಹತ್ತುತ್ತಾ ಫ್ರೋಗ್ನರ್‌ಸೇತೆರೆನ್. ಸುಮಾರು 470 ಮೀಟರ್ ಎತ್ತರದ ಈ ನಿಲ್ದಾಣದಿಂದ ಇಡೀ ಊರು, ಫಿಯೋರ್ಡು (ನೆಲದೊಳಗೆ ಉದ್ದಕ್ಕೆ ಚಾಚಿಕೊಂಡ ಕಡಲು) ಕೆಳಗೆ ಕಾಣುತ್ತದೆ.

ಕಾಲಲ್ಲಿ ಕಸುವಿದ್ದವರು ಎರಡನ್ನೂ ಜೋಡಿಸಿ. ಫ್ರೋಗ್ನರ್‌ಸೇತೆರೆನ್‌ನಲ್ಲಿ ಇಳಿದು ಉಲ್ಲೆವೋಲ್‌ಸೇತೆರ್ ಕಡೆಗೆ ನಡೆಯಿರಿ, ಅಲ್ಲಿಂದ ಸೋಂಗ್ಸ್‌ವಾನ್‌ಗೆ ಇಳಿಯಿರಿ, ಅಲ್ಲಿ ಮೆಟ್ರೋ ಹಿಡಿದು ವಾಪಸ್. ಎಲ್ಲಾ ಸೇರಿ ಹನ್ನೊಂದು ಕಿ.ಮೀ. ಆಸುಪಾಸು, ಅರ್ಧ ದಿನ ಬೇಕು. ಎತ್ತರದಿಂದ ಶುರು ಮಾಡುವುದರಿಂದ ಒಟ್ಟಾರೆ ಇಳಿಜಾರೇ ಜಾಸ್ತಿ. ದಾರಿ ತಪ್ಪುವ ಭಯ ಬೇಡ, ಮರಕ್ಕೆ ಬಳಿದ ನೀಲಿ ಗುರುತು ಬೇಸಿಗೆಯ ಕಾಲುದಾರಿ, ಕೆಂಪು ಗುರುತು ಚಳಿಗಾಲದ ಸ್ಕೀ ದಾರಿ. ಉಲ್ಲೆವೋಲ್‌ಸೇತೆರ್ ಕಾಡಿನ ನಡುವಿನ ಹಳೆಯ ತೋಟದ ಮನೆ, ಈಗ ಕಾಫಿ, ವಾಫಲ್, ದಾಲ್ಚಿನ್ನಿ ಬನ್ನು ಸಿಗುವ ಜಾಗ. ಮೊಟ್ಟೆ ತಿನ್ನದವರು ಗಮನಿಸಿ, ವಾಫಲ್‌ನಲ್ಲಿ ಮೊಟ್ಟೆ ಇರುತ್ತದೆ.

ಊಟದ ಮಾತು ಬಂತಲ್ಲ, ಬುತ್ತಿ ಕಟ್ಟಿಕೊಂಡು ಹೋಗಿ. ನಾಚಿಕೆ ಪಡುವ ಪ್ರಶ್ನೆಯೇ ಇಲ್ಲ, ನಾರ್ವೆಯವರೂ ಮನೆಯಿಂದ ಬ್ರೆಡ್ಡಿನ ಬುತ್ತಿ ತಂದು ಬಂಡೆ ಮೇಲೆ ಕೂತು ತಿನ್ನುತ್ತಾರೆ. ನಿಮ್ಮದು ಚಪಾತಿ, ಚಟ್ನಿಪುಡಿ ಆದರೆ ಏನು? ನಲ್ಲಿ ನೀರು ಕುಡಿಯಲು ಚೆನ್ನಾಗಿದೆ, ಬಾಟಲಿ ಕೊಳ್ಳಬೇಡಿ. ಬೇಕಾದ್ದನ್ನು ಶನಿವಾರವೇ ತಂದಿಟ್ಟುಕೊಳ್ಳಿ, ಭಾನುವಾರ ದೊಡ್ಡ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಬೇಸಿಗೆಯ ಕೊನೆಗೆ ಹೋದರೆ ಕಾಡಿನಲ್ಲಿ ಬ್ಲೂಬೆರ್ರಿ ಕಿತ್ತು ತಿನ್ನಬಹುದು. ಬೇರೆಯವರ ಜಮೀನಾದರೂ ಕಾಡಿನಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಉಂಟು ಅಂತ 1957ರ ಕಾನೂನೇ ಹೇಳುತ್ತದೆ. ಟೆಂಟ್ ಹಾಕುವವರು ಮನೆಗಳಿಂದ 150 ಮೀಟರ್ ದೂರ ಇರಬೇಕು. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ, ಕಾಡಿನ ಅಂಚಿನಲ್ಲಿ ಬೆಂಕಿ ಹಾಕುವ ಹಾಗಿಲ್ಲ. ಎತ್ತರದ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿಗಳು ಇರುತ್ತವೆ, ರೂಮಿಗೆ ಬಂದ ಮೇಲೆ ಮಂಡಿ ಹಿಂದೆ, ಕಾಲಿನ ಸಂದಿ ಒಮ್ಮೆ ನೋಡಿಕೊಳ್ಳಿ.

ಚಳಿಗಾಲದಲ್ಲಿ ಹೋಗುವವರಿಗೆ ಡಿಸೆಂಬರಿನಲ್ಲಿ ಬೆಳಕು ಆರು ಗಂಟೆಯಷ್ಟೆ. ಬೆಳಿಗ್ಗೆ ಒಂಬತ್ತರ ಮೇಲೆ ಸೂರ್ಯ ಹುಟ್ಟಿ ಮೂರಕ್ಕೆಲ್ಲ ಮುಳುಗುತ್ತಾನೆ. ಆದರೂ ಹಿಮ ಬಿದ್ದಿದ್ದರೆ ಫ್ರೋಗ್ನರ್‌ಸೇತೆರೆನ್ ಬಿಡಬೇಡಿ. ಅಲ್ಲಿ ಜಾರುಗಾಡಿ ಬಾಡಿಗೆಗೆ ಸಿಗುತ್ತದೆ. ಅಲ್ಲಿಂದ ಮಿಡ್‌ಸ್ಟೂಯೆನ್ ನಿಲ್ದಾಣದವರೆಗೆ ಎರಡು ಕಿ.ಮೀ. ಸುತ್ತಿ ಸುತ್ತಿ ಇಳಿಯುವ ದಾರಿ, ಕೆಳಗೆ ತಲುಪಿದ ಮೇಲೆ ಗಾಡಿ ಸಮೇತ ಮೆಟ್ರೋ ಹತ್ತಿ ಮತ್ತೆ ಮೇಲಕ್ಕೆ. 24 ಗಂಟೆ ಟಿಕೆಟ್ ಇದ್ದರೆ ಎಷ್ಟು ಸಲ ಬೇಕಾದರೂ. ಹೆಲ್ಮೆಟ್ ಹಾಕಿಕೊಳ್ಳಿ, ತಿರುವುಗಳು ತಮಾಷೆಯಲ್ಲ. ಅದೇ ಲೈನಿನಲ್ಲಿ ಹೋಲ್ಮೆನ್‌ಕೋಲನ್ ಸ್ಕೀ ಜಿಗಿತದ ಗೋಪುರವೂ ಸಿಗುತ್ತದೆ. 1892ರಿಂದ ಅಲ್ಲಿ ಸ್ಪರ್ಧೆ ನಡೆಯುತ್ತಿದೆ, ಈಗಿರುವ ಗೋಪುರ 2010ರದ್ದು. ಮೇಲೆ ಹತ್ತಲು ದುಡ್ಡು ಕೊಡಬೇಕು. ಬರೀ ನೋಟಕ್ಕಾದರೆ ಬೇಡ, ಫ್ರೋಗ್ನರ್‌ಸೇತೆರೆನ್‌ನಿಂದಲೇ ಸಾಕಷ್ಟು ಕಾಣುತ್ತದೆ.

ಊರೊಳಗಿನದ್ದನ್ನು ಸಂಜೆಗೆ ಇಟ್ಟುಕೊಳ್ಳಿ. ವಿಗೆಲಾಂಡ್ ಪಾರ್ಕಿಗೆ 12ನೇ ನಂಬರ್ ಟ್ರಾಮ್, ಪ್ರವೇಶ ಉಚಿತ, ರಾತ್ರಿಯೂ ತೆರೆದಿರುತ್ತದೆ. ಗುಸ್ತಾವ್ ವಿಗೆಲಾಂಡ್ ಒಬ್ಬನೇ ರೂಪಿಸಿದ ಇನ್ನೂರಕ್ಕೂ ಹೆಚ್ಚು ಶಿಲ್ಪಗಳಿವೆ. ಒಂದೇ ಗ್ರಾನೈಟ್ ಕಲ್ಲಿನ ಕಂಬದಲ್ಲಿ 121 ಮನುಷ್ಯರು ಒಬ್ಬರ ಮೇಲೊಬ್ಬರು ಹೆಣೆದುಕೊಂಡಿರುವುದನ್ನು ಕೆತ್ತಿಸಿದ್ದಾನೆ, ಅದನ್ನು ಸುತ್ತು ಹಾಕಿ ನೋಡಿ. ಬೆಳಿಗ್ಗೆ ಟೂರಿಸ್ಟ್ ಬಸ್ಸುಗಳು ಬಂದು ನಿಂತರೆ ಅಲ್ಲಿ ಜನವೇ ಜನ. 2008ರಲ್ಲಿ ತೆರೆದ ಒಪೇರಾ ಹೌಸಿನ ಚಾವಣಿ ನೀರಿನ ಅಂಚಿನಿಂದಲೇ ಏರುತ್ತದೆ, ಸುಮ್ನೆ ನಡೆದು ಹತ್ತಬಹುದು. ಇಟಲಿಯ ಬಿಳಿ ಅಮೃತಶಿಲೆ, ಮಳೆ ಬಂದಾಗ, ಐಸ್ ಕಟ್ಟಿದಾಗ ಜಾರುತ್ತದೆ. ಎತ್ತರದಿಂದ ಬಂದರನ್ನು ನೋಡಬೇಕಾದರೆ ಎಕೆಬೆರ್ಗ್ ಗುಡ್ಡದ ಶಿಲ್ಪವನ ಇದೆ, ಅಲ್ಲಿಗೂ ಟ್ರಾಮ್, ಅದೂ ಉಚಿತ.

ಮ್ಯೂಸಿಯಂಗಳು ಒಟ್ಟಿಗೆ ಇರುವ ಬಿಗ್ಡೊಯ್‌ಗೆ 30ನೇ ನಂಬರ್ ಬಸ್ಸು. ಎಲ್ಲರೂ ಹೋಗುವುದು ವೈಕಿಂಗ್ ಹಡಗು ನೋಡಲು, ಆದರೆ ಆ ಮ್ಯೂಸಿಯಂ ಹೊಸ ಕಟ್ಟಡದ ಕೆಲಸಕ್ಕಾಗಿ 2022ರಲ್ಲಿ ಬಾಗಿಲು ಹಾಕಿತು. ಮತ್ತೆ ತೆರೆದಿದೆಯಾ ಅಂತ ನೋಡಿಕೊಂಡೇ ಹೊರಡಿ. ಅಲ್ಲಿ ಒಂದಕ್ಕೆ ದುಡ್ಡು ಕೊಡುವುದಾದರೆ ನಾನು ಜಾನಪದ ಮ್ಯೂಸಿಯಂ ಅನ್ನುತ್ತೇನೆ. ನಾಡಿನ ಬೇರೆ ಬೇರೆ ಕಡೆಯ ಹಳೆಯ ಮರದ ಮನೆಗಳನ್ನು ಬಿಚ್ಚಿ ತಂದು ಬಯಲಲ್ಲಿ ಮತ್ತೆ ಕಟ್ಟಿದ್ದಾರೆ, ಎಂಟುನೂರು ವರ್ಷ ಹಳೆಯ ಮರದ ಚರ್ಚೂ ಇದೆ.

ವಿಮಾನ ನಿಲ್ದಾಣದಿಂದ ಬರುವಾಗ, ಹೋಗುವಾಗ ಎಕ್ಸ್‌ಪ್ರೆಸ್ ರೈಲಿನ ಜಾಹೀರಾತು ಎದ್ದು ಕಾಣುತ್ತದೆ. ಅದರ ಬದಲು ಮಾಮೂಲಿ ರೈಲು ಹಿಡಿಯಿರಿ. ಕೆಲವೇ ನಿಮಿಷ ಜಾಸ್ತಿ, ದುಡ್ಡು ಸುಮಾರು ಅರ್ಧ. ವಿಮಾನ ನಿಲ್ದಾಣ ಇರುವುದು ಝೋನ್ 1ರ ಹೊರಗೆ, ಹಾಗಾಗಿ ಆ ಓಡಾಟಕ್ಕೆ ಟಿಕೆಟ್ ಬೇರೆ.