ಹಾಸನದ ನಮ್ಮ ಹಿತ್ತಲಲ್ಲಿ ಬೇಗ ಬೆಳೆಯುವ ಮರಗಳು: ನನ್ನ ಅನುಭವ

2014ರಲ್ಲಿ ಹಾಸನದ ಹೊರಗೆ ಮನೆ ಕಟ್ಟಿಕೊಂಡು ಬಂದಾಗ ಸುತ್ತ ಒಂದು ಹಸಿರು ಕಡ್ಡಿ ಇರಲಿಲ್ಲ. ಎಂಟು ಗುಂಟೆ ಜಾಗ, ಗಟ್ಟಿ ಕೆಂಪು ಮಣ್ಣು, ಅದರೊಳಗೆ ಮೇಸ್ತ್ರಿಗಳು ಬಿಟ್ಟು ಹೋದ ಇಟ್ಟಿಗೆ ಚೂರು, ಸಿಮೆಂಟ್ ಗಡ್ಡೆ. ಮಧ್ಯಾಹ್ನ ಎರಡಾದರೆ ಪಡುವಣ ಬಿಸಿಲು ನೇರ ಹಾಲ್‌ನೊಳಗೆ. ಹಾಸನ 3,000 ಅಡಿಗಿಂತ ಎತ್ತರದಲ್ಲಿದೆ, ತಂಪು ಊರು ಅಂತ ಎಲ್ಲರೂ ಹೇಳುತ್ತಾರೆ. ಮಾರ್ಚ್ ತಿಂಗಳಲ್ಲಿ ನೆರಳಿಲ್ಲದ ಮನೆಯಲ್ಲಿ ಒಂದು ಮಧ್ಯಾಹ್ನ ಕೂತು ನೋಡಲಿ!

ಹಾಗಾಗಿ ನರ್ಸರಿಗೆ ಹೋಗಿ ನಾನು ಕೇಳಿದ್ದು ಒಂದೇ ಮಾತು: ಯಾವುದು ಬೇಗ ಬರುತ್ತೆ? ಅಲ್ಲಿದ್ದ ಹುಡುಗ ಆರು ಸಿಲ್ವರ್ ಓಕ್, ಎರಡು ಗುಲ್‌ಮೊಹರ್, ಒಂದು ನುಗ್ಗೆ ಕೊಟ್ಟ. ಗಾಡಿಯಿಂದ ಇಳಿಸುವಾಗ ನಮ್ಮತ್ತೆ ಜಗುಲಿ ಮೇಲೆ ಕೂತು ನೋಡುತ್ತಿದ್ದರು. ಅವರು ಸಕಲೇಶಪುರದ ಕಡೆಯವರು, ಕಾಫಿ ತೋಟದಲ್ಲೇ ಹುಟ್ಟಿ ಬೆಳೆದವರು. "ನೆಡೋದೇನೋ ನೆಡ್ತೀಯ ಕಣಮ್ಮ, ನಾಳೆ ಇದನ್ನ ಕಡಿಯೋರು ಯಾರು? ಕಡಿದ್ರೆ ಬೀಳೋದು ಯಾವ ಕಡೆಗೆ?" ಅಂದರು. ಹೊಸ ಮನೆ, ಹೊಸ ಗಿಡ, ಆಗಲೇ ಕಡಿಯೋ ಮಾತಾ ಅಂತ ನನಗೆ ಸಿಟ್ಟೇ ಬಂತು.

ಸಿಲ್ವರ್ ಓಕ್ ಕಾಂಪೌಂಡ್ ಪಕ್ಕ ನಾಲ್ಕೇ ಅಡಿ ಬಿಟ್ಟು ಸಾಲಾಗಿ ನೆಟ್ಟೆ. ಬೆಳವಣಿಗೆ ಬಗ್ಗೆ ದೂರು ಹೇಳುವಂತಿಲ್ಲ, ವರ್ಷಕ್ಕೆ ಐದಾರು ಅಡಿ ಎದ್ದವು. ಎಲೆಯ ಅಡಿಭಾಗ ಬೆಳ್ಳಿ ಹಾಗೆ ಹೊಳೆಯುತ್ತೆ, ಬೇಸಿಗೆಗೆ ಕಿತ್ತಳೆ ಹಳದಿ ಹೂವು, ಹೂವಿನ ತುಂಬ ಜೇನ್ನೊಣ. ಆಸ್ಟ್ರೇಲಿಯಾದ ಮರ ಅಂತ ಹೇಳಿದರೆ ನಮ್ಮ ಕಡೆಯವರು ನಂಬುವುದಿಲ್ಲ, ಅಷ್ಟು ನಮ್ಮದೇ ಆಗಿಹೋಗಿದೆ. ಆದರೆ ಎತ್ತರಕ್ಕೆ ಹೋಗುತ್ತೆ, ನೆರಳು ಕಡಿಮೆ. ಮನೆಗೆ ನೆರಳು ಬೇಕು ಅಂತ ನೆಟ್ಟದ್ದು, ನೆರಳು ಹೋಗಿ ಪಕ್ಕದ ಸೈಟಿನಲ್ಲಿ ಬೀಳುತ್ತಿತ್ತು. ಉದುರಿದ ಎಲೆ ಬೇಗ ಕೊಳೆಯುವುದೂ ಇಲ್ಲ, ಸಜ್ಜದ ಮೇಲೆ, ಮಳೆನೀರಿನ ಪೈಪಿನ ಬಾಯಲ್ಲಿ ಗುಡ್ಡೆ ಬೀಳುತ್ತೆ. ಇನ್ನು ಕೊಂಬೆ ತುಂಬ ಪೆಡಸು. 2019ರ ಆಗಸ್ಟ್‌ನಲ್ಲಿ ಆಶ್ಲೇಷ ಮಳೆ ಹುಚ್ಚೆದ್ದು ಹೊಡೆಯಿತಲ್ಲ, ಆ ವಾರ ಒಂದು ಕೊಂಬೆ ಮುರಿದು ಪಕ್ಕದ ಮನೆಯವರ ಶೀಟಿನ ಮೇಲೆ ಬಿತ್ತು. ಶೀಟ್ ನಾವೇ ಹಾಕಿಸಿಕೊಟ್ಟೆವು. ಮುಂದಿನ ಬೇಸಿಗೆಯಲ್ಲಿ ನಾಲ್ಕು ಮರ ತೆಗೆಸಿದೆ. 1976ರ ನಮ್ಮ ರಾಜ್ಯದ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್‌ಗೆ ವಿನಾಯಿತಿ ಇದೆ, ಕಡಿಯಲು ಅರಣ್ಯ ಇಲಾಖೆ ಅನುಮತಿ ಬೇಡ. ಆದರೆ ಕರೆಂಟ್ ತಂತಿ ಒಂದು ಕಡೆ, ಕಾಂಪೌಂಡ್ ಇನ್ನೊಂದು ಕಡೆ, ಹಗ್ಗ ಕಟ್ಟಿ ತುಂಡುತುಂಡಾಗಿ ಇಳಿಸಬೇಕಾಯಿತು. ಕೂಲಿ ಕೊಡುವಾಗ ಅತ್ತೆ ಏನೂ ಹೇಳಲಿಲ್ಲ. ಹೇಳಿದ್ದರೇ ವಾಸಿಯಿತ್ತು.

ಗುಲ್‌ಮೊಹರ್ ಕಥೆ ಚಿಕ್ಕದು. ಬೇರು ಮೇಲೆಮೇಲೆ ಹರಡುತ್ತೆ, ಗಾಳಿಗೆ ಬುಡಸಮೇತ ಮಲಗುತ್ತೆ. ಒಂದು ಹಾಗೇ ಮಲಗಿತು, ಇನ್ನೊಂದನ್ನು ನಾನೇ ಕಿತ್ತೆ. ರಸ್ತೆ ಬದಿಗೆ ಚೆಂದ.

ನುಗ್ಗೆ ಮನೆ ಮುಂದೆ ಬೇಡ ಅಂತ ಹಿರಿಯರು ಹೇಳುವುದನ್ನು ನಾನು ಮೂಢನಂಬಿಕೆ ಅಂದುಕೊಂಡಿದ್ದೆ. ಎರಡನೇ ಮಳೆಗಾಲದಲ್ಲಿ ಕಾಂಡದ ಮೇಲೆ ಅಂಗೈಯಗಲ ಕಂಬಳಿ ಹುಳ ಗುಂಪಾಗಿ ಕೂತವು, ಮಗಳ ಕತ್ತಿನ ಮೇಲೆ ಒಂದು ಬಿದ್ದು ಮೂರು ದಿನ ತುರಿಕೆ. ಆಮೇಲೆ ಅರ್ಥವಾಯಿತು. ಹಗಲು ಹೊತ್ತು ಅವು ಕಾಂಡದ ಮೇಲೆ ಒಟ್ಟಿಗೆ ಇರುತ್ತವೆ, ಕೋಲಿಗೆ ಬಟ್ಟೆ ಸುತ್ತಿ ಬೆಂಕಿ ತಾಗಿಸಿದರೆ ಹೋಗುತ್ತವೆ. ಈಗ ನುಗ್ಗೆ ಇದೆ, ಆದರೆ ಹಿಂದುಗಡೆ, ನೀರು ನಿಲ್ಲದ ಎತ್ತರದ ಜಾಗದಲ್ಲಿ. ಪ್ರತಿವರ್ಷ ಎದೆ ಮಟ್ಟಕ್ಕೆ ಕಡಿದು ಬಿಡುತ್ತೇನೆ, ಚಿಗುರೆಲ್ಲ ಕೈಗೆಟುಕುತ್ತೆ.

ಇಷ್ಟೆಲ್ಲ ಆದ ಮೇಲೆ 2020ರಲ್ಲಿ ಅತ್ತೆ ಹೇಳಿದ ಹಾಗೆ ಕೇಳಿದೆ. ಕಾಫಿ ತೋಟದಲ್ಲಿ ಎರಡು ಬಗೆ ನೆರಳು ಮಾಡುತ್ತಾರೆ. ತಕ್ಷಣಕ್ಕೆ ಬೇಗ ಬೆಳೆಯುವ ಹಾಲುವಾಣದ ಮರ. ಅದರ ಆಸರೆಯಲ್ಲಿ ನಿಧಾನವಾಗಿ ಬರುವ ಗಟ್ಟಿ ಮರಗಳು. ಅವು ಎದ್ದು ನಿಂತ ಮೇಲೆ ಹಾಲುವಾಣ ತೆಗೆಯುತ್ತಾರೆ. ಇದನ್ನೇ ಹಿತ್ತಲಿಗೆ ಇಳಿಸಿದೆವು. ಮೇ ಕೊನೆಗೆ ಅವರ ತವರಿನ ತೋಟದಿಂದ ಮುಂಗೈ ದಪ್ಪದ, ಆರಡಿ ಉದ್ದದ ನಾಲ್ಕು ಹಾಲುವಾಣದ ಗೂಟ ತಂದೆವು. ಅವನ್ನು ತಕ್ಷಣ ನೆಡಬಾರದಂತೆ, ಒಂದು ವಾರ ನೆರಳಿನಲ್ಲಿ ಒರಗಿಸಿ ಇಟ್ಟಿದ್ದೆವು. ತುದಿಗೆ ಸಗಣಿ ಮೆತ್ತಿ, ಮೃಗಶಿರ ಮಳೆ ಹಿಡಿದ ಮೇಲೆ ಒಂದೂವರೆ ಅಡಿ ಆಳಕ್ಕೆ ಇಳಿಸಿ ಮಣ್ಣು ತುಳಿದೆವು. ಮೂರೇ ವಾರಕ್ಕೆ ಚಿಗುರು! ಮುಂದಿನ ವರ್ಷಕ್ಕೆ ಕೆಳಗೆ ಕುರ್ಚಿ ಹಾಕಿಕೊಂಡು ಕೂರುವಷ್ಟು ನೆರಳು.

ಪ್ರತಿ ಹಾಲುವಾಣದಿಂದ ಐದಾರು ಅಡಿಗೆ ನಿಜವಾಗಿ ಬೇಕಾದ ಗಿಡ: ಎರಡು ಕಸಿ ಬೆಣ್ಣೆಹಣ್ಣು, ಒಂದು ಕಸಿ ಸಂಪಿಗೆ, ಒಂದು ಹಲಸು. ಬೆಣ್ಣೆಹಣ್ಣಿನ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತೆ, ಅದಕ್ಕೇ ಒಂದೂವರೆ ಅಡಿ ಮಣ್ಣು ಏರಿಸಿ ದಿಣ್ಣೆ ಮೇಲೆ ನೆಟ್ಟೆ. ಎಳೆಯ ಗಿಡಕ್ಕೆ ನೇರ ಬಿಸಿಲೂ ಆಗದು, ಹಾಲುವಾಣ ಅದನ್ನು ತಡೆಯಿತು. ಮಳೆಗಾಲ ಶುರುವಾಗುವ ಮುಂಚೆ ಹಾಲುವಾಣಕ್ಕೆ ಮರಗಸಿ, ಅಂದರೆ ಕೊಂಬೆ ಸವರುವ ಕೆಲಸ, ಮಾಡಿಸಿ ಸೊಪ್ಪನ್ನೆಲ್ಲ ಬೆಣ್ಣೆಹಣ್ಣಿನ ಬುಡಕ್ಕೇ ಹಾಕುತ್ತೇನೆ. ಹಾಲುವಾಣ ದ್ವಿದಳ ಜಾತಿ, ಸೊಪ್ಪಿನಲ್ಲಿ ಸಾರಜನಕ ಜಾಸ್ತಿ, ಬೇಗ ಕೊಳೆಯುತ್ತೆ. ನಮ್ಮ ಕೆಂಪು ಮಣ್ಣು ಕಪ್ಪಾಗಿದ್ದು ಈ ಸೊಪ್ಪಿನಿಂದ, ಬೇಲಿಗೆ ಹಾಕಿದ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪಿನಿಂದ. ಅಂಗಡಿ ಗೊಬ್ಬರ ನಾನು ತಂದಿದ್ದು ಕಡಿಮೆ.

ಹಾಲುವಾಣದಲ್ಲೂ ತೊಂದರೆ ಇದೆ. ಮೈಮೇಲೆ ಮುಳ್ಳು. ಜನವರಿ ಹೊತ್ತಿಗೆ ಎಲೆ ಉದುರಿಸಿ ಕೆಂಪು ಹೂ ಬಿಡುತ್ತೆ. ಅಂದರೆ ಫೆಬ್ರವರಿ ಬಿಸಿಲಿಗೆ ನೆರಳು ಕಮ್ಮಿ. ಮತ್ತೆ ಒಂದು ಸಣ್ಣ ಕಣಜದ ಹುಳದ ಕಾಟ, ಚಿಗುರೆಲ್ಲ ಗಂಟುಗಂಟಾಗಿ ಸೊಟ್ಟಗಾಗುತ್ತೆ. ಗಂಟು ಬಂದ ಚಿಗುರು ಕತ್ತರಿಸಿ ಸುಟ್ಟೆ, ಮೂರು ಮರ ಚೇತರಿಸಿಕೊಂಡವು, ಒಂದು ಹೋಯಿತು.

ಆ ಬೇಸಿಗೆಯ ನೆರಳಿನ ಕೊರತೆ ತುಂಬಿದ್ದು ನಾನು ನೆಡದೇ ಇದ್ದ ಮರ. ಹಕ್ಕಿ ಹಿಕ್ಕೆಯಿಂದ ಮೂಲೆಯಲ್ಲಿ ಹುಟ್ಟಿದ ಗಸಗಸೆ ಹಣ್ಣಿನ ಗಿಡ. ಕೆಲವರು ಸಿಂಗಾಪುರ ಚೆರ್ರಿ ಅನ್ನುತ್ತಾರೆ. ಎರಡು ವರ್ಷಕ್ಕೆ ಹದಿನೈದು ಅಡಿ, ಕೊಡೆ ಹಾಗೆ ಅಡ್ಡಡ್ಡ ಹರಡಿತು, ವರ್ಷಪೂರ್ತಿ ಹಸಿರು. ಮಕ್ಕಳಿಗಂತೂ ಶಾಲೆಯಿಂದ ಬಂದವರೇ ಮೊದಲು ಅದರ ಕೆಳಗೆ. ನಮ್ಮ ಪುಣ್ಯಕ್ಕೆ ಅದು ಮೂಲೆಯಲ್ಲೇ ಹುಟ್ಟಿತು. ರಾತ್ರಿ ಬಾವಲಿಗಳು ಬರುತ್ತವೆ, ಅವುಗಳ ಗಲೀಜು ಗೋಡೆ ಮೇಲೆ ಬಿದ್ದರೆ ತಿಕ್ಕಿ ತೊಳೆದರೂ ಹೋಗಲ್ಲ. ಕಾರು ನಿಲ್ಲಿಸುವ ಕಡೆ ಮಾತ್ರ ಬೇಡ.

ಕೇಳಿದವರಿಗೆ ನಾನು ಹೇಳುವುದು ಇನ್ನೆರಡು ಮಾತು. ನರ್ಸರಿಯಲ್ಲಿ ಉದ್ದ ಗಿಡ ನೋಡಿ ಮರುಳಾಗಬೇಡಿ, ಸಣ್ಣ ಚೀಲದಲ್ಲಿ ವರ್ಷಗಟ್ಟಲೆ ಇದ್ದು ಬೇರು ಸುರುಳಿ ಸುತ್ತಿರುತ್ತೆ. ನಾನು ತಂದ ಆರಡಿ ಸಂಪಿಗೆ ಎರಡು ವರ್ಷ ನಿಂತಲ್ಲೇ ನಿಂತು ಸತ್ತಿತು, ಅದರ ಜಾಗಕ್ಕೆ ಹಾಕಿದ ಒಂದೂವರೆ ಅಡಿ ಗಿಡ ಈಗ ಹೂ ಬಿಡುತ್ತಿದೆ. ಇನ್ನು ಅರಸೀಕೆರೆಯವರು ಹೇಳಿದ್ದನ್ನು ಸಕಲೇಶಪುರದಲ್ಲಿ ಮಾಡಬೇಡಿ, ಒಂದೇ ಜಿಲ್ಲೆಯಾದರೂ ಮಳೆ ಬೇರೆ. ನಮ್ಮ ತಮ್ಮ ಅರಸೀಕೆರೆ ಹತ್ತಿರ ಹೊಲದ ಬದುವಿಗೆ ಹೆಬ್ಬೇವು ಹಾಕಿದ್ದಾನೆ, ಅವನಿಗೆ ಅದೇ ಸರಿ. ಮನೆ ಪಕ್ಕಕ್ಕೆ ಅಷ್ಟು ಎತ್ತರದ ಮರ ನನಗೆ ಬೇಡ.

ಬೆಣ್ಣೆಹಣ್ಣು ಕಳೆದ ವರ್ಷ ಮೊದಲ ಸಲ ಹಿಡಿಯಿತು, ಎಣಿಸಿದರೆ ಹನ್ನೊಂದು ಕಾಯಿ. ಲೆಕ್ಕದ ಪ್ರಕಾರ ಹಾಲುವಾಣಗಳ ಕೆಲಸ ಮುಗಿಯಿತು. ಎರಡನ್ನು ನಾನೇ ಕೈಗರಗಸದಲ್ಲಿ ತೆಗೆದೆ, ಮೆದು ಮರ, ಅರ್ಧ ಗಂಟೆ ಕೆಲಸ. ಮೂರನೆಯದಕ್ಕೆ ಗರಗಸ ಹಿಡಿದು ಹೋದರೆ ಅತ್ತೆ ಅಡ್ಡ ಬಂದರು. ನನಗೆ ಗೊತ್ತಿಲ್ಲದ ಹಾಗೆ ಅದರ ಬುಡಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ, ಆಗಲೇ ಎಂಟು ಅಡಿ ಏರಿದೆ. "ಇದನ್ನ ಯಾಕೆ ಕಡೀತೀಯ, ಇರ್ಲಿ ಬಿಡು" ಅನ್ನುತ್ತಾರೆ, ಅದೂ ಅವರು!