ನೂರಕ್ಕೆ ಎಂಟಾಣೆ

ನಮ್ಮಪ್ಪನಿಗೆ ಪರ್ಸೆಂಟ್ ಲೆಕ್ಕ ಒಗ್ಗುವುದಿಲ್ಲ. ಅರಸೀಕೆರೆ ಕಡೆ ಕೊಬ್ಬರಿ ವ್ಯಾಪಾರ ಮಾಡಿದವರು. ಯಾವ ಸಾಲದ ಮಾತು ಬಂದರೂ ಅವರದು ಒಂದೇ ಪ್ರಶ್ನೆ: "ನೂರಕ್ಕೆ ಎಷ್ಟು ಬೀಳುತ್ತೆ?" ತಿಂಗಳಿಗೆ ಅಂತ ಅರ್ಥ. 2019ರ ಜುಲೈನಲ್ಲಿ ನನಗೆ ಅಮೆರಿಕದ ಸೇನೆಯಿಂದ ಸೇವೆಗೆ ಬರಲು ಆರ್ಡರ್ಸ್ ಬಂದಾಗ ಫೋನಿನಲ್ಲಿ ಅವರ ಮುಂದೆ ಸಾಲಗಳನ್ನೆಲ್ಲ ಒಪ್ಪಿಸಿದೆ. ಕ್ರೆಡಿಟ್ ಕಾರ್ಡ್ 24 ಪರ್ಸೆಂಟ್, ಅಂದರೆ ನೂರಕ್ಕೆ ಎರಡು ರೂಪಾಯಿ. ಕಾರಿನ ಸಾಲ 9 ಪರ್ಸೆಂಟ್, ಹನ್ನೆರಡಾಣೆ. "ಕಾರ್ಡಿಂದು ಜಾಸ್ತಿ ಆಯ್ತಲ್ಲಪ್ಪ" ಅಂದರು.

ನಾನು ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ, ಜೊತೆಗೆ ಅಮೆರಿಕದ ಆರ್ಮಿ ರಿಸರ್ವ್‌ನಲ್ಲಿದ್ದೆ. ತಿಂಗಳಿಗೊಂದು ವಾರಾಂತ್ಯ ಯೂನಿಫಾರ್ಮ್, ಉಳಿದಂತೆ ಎಲ್ಲರ ಹಾಗೆ. ಈಗ ಒಂದು ವರ್ಷಕ್ಕೂ ಮೀರಿದ ಪೂರ್ತಿ ಸೇವೆ. ಮೊದಲು ಟೆಕ್ಸಸ್‌ನ ಫೋರ್ಟ್ ಹುಡ್ ಸೇನಾ ನೆಲೆ, ಅಲ್ಲಿಂದ ಕುವೈತ್. ಸಂಬಳ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯಿತು. ಕಂತುಗಳು ಇಳಿಯಲಿಲ್ಲ.

ಇಂಥ ಹೊತ್ತಿಗಾಗಿಯೇ ಒಂದು ಕಾನೂನಿದೆ, ಸರ್ವಿಸ್‌ಮೆಂಬರ್ಸ್ ಸಿವಿಲ್ ರಿಲೀಫ್ ಆಕ್ಟ್. ಎಲ್ಲರೂ ಎಸ್‌ಸಿಆರ್‌ಎ ಅಂತಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ ಹುಟ್ಟಿ, 1940ರಲ್ಲಿ ಮತ್ತೆ ಬಂದು, 2003ರಲ್ಲಿ ಈ ಹೆಸರು ಪಡೆಯಿತು. ಅದರಲ್ಲಿ ನನಗೆ ಬೇಕಾಗಿದ್ದ ಮಾತು ಇಷ್ಟೇ: ಸೇವೆಗೆ ಸೇರುವ ಮೊದಲು ಮಾಡಿದ ಸಾಲಕ್ಕೆ, ಸೇವೆಯಲ್ಲಿರುವಷ್ಟು ದಿನ 6 ಪರ್ಸೆಂಟಿಗಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ಅಪ್ಪನ ಲೆಕ್ಕದಲ್ಲಿ ನೂರಕ್ಕೆ ಎಂಟಾಣೆ. ಮಿಕ್ಕ ಬಡ್ಡಿಯನ್ನು ಮುಂದಕ್ಕೆ ಹಾಕುವುದಲ್ಲ, ಮನ್ನಾ ಮಾಡಬೇಕು. ಕಂತನ್ನೂ ಅಷ್ಟು ಇಳಿಸಬೇಕು.

ಆದರೆ ಇದು ತಾನಾಗಿ ಬರುತ್ತದೆ ಅಂದುಕೊಂಡು ಕೂರಬೇಡಿ. ಕೇಳಬೇಕು, ಅದೂ ಬರವಣಿಗೆಯಲ್ಲಿ, ಆರ್ಡರ್ಸ್ ಪ್ರತಿ ಜೊತೆಗಿಟ್ಟು. ನಾನು ಮೊದಲು ಬ್ಯಾಂಕಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ "ಥ್ಯಾಂಕ್ ಯೂ ಫಾರ್ ಯುವರ್ ಸರ್ವಿಸ್" ಅಂದ, ನೋಟ್ ಮಾಡಿಕೊಂಡೆ ಅಂದ. ಎರಡು ತಿಂಗಳು ಏನೂ ಆಗಲಿಲ್ಲ.

ಅದಕ್ಕೂ ಮೊದಲು ಮನೆ ಬಿಡುವ ಕೆಲಸವಿತ್ತು. ಅಪಾರ್ಟ್‌ಮೆಂಟ್ ಲೀಸ್ ಮುಂದಿನ ಮಾರ್ಚ್‌ವರೆಗೆ. ಹೆಂಡತಿ ನ್ಯೂಜೆರ್ಸಿಯಲ್ಲಿರುವ ಅವಳ ಅಕ್ಕನ ಮನೆಗೆ ಹೋಗುವುದು ಅಂತ ತೀರ್ಮಾನವಾಗಿತ್ತು. ಮ್ಯಾನೇಜರ್ ಬಹಳ ಸೌಜನ್ಯದಿಂದಲೇ ಹೇಳಿದರು: ಮಧ್ಯದಲ್ಲಿ ಬಿಟ್ಟರೆ ಎರಡು ತಿಂಗಳ ಬಾಡಿಗೆ ದಂಡ, ನೀವೇ ಸಹಿ ಹಾಕಿದ್ದೀರಿ ನೋಡಿ. ಹೌದು, ಹಾಕಿದ್ದೆ. ಹೆಂಡತಿ, "ರೀ, ಕೊಟ್ಟು ಕೈ ತೊಳ್ಕೊಳ್ಳೋಣ, ಹೋಗೋ ಹೊತ್ತಲ್ಲಿ ಜಗಳ ಯಾಕೆ" ಅಂದಳು.

ನಾನು ಜಗಳ ಆಡಲಿಲ್ಲ, ಕಾಗದ ಕೊಟ್ಟೆ. ಅದೇ ಕಾನೂನಿನ ಪ್ರಕಾರ 90 ದಿನ ಅಥವಾ ಅದಕ್ಕಿಂತ ಹೆಚ್ಚು ದಿನದ ಡಿಪ್ಲಾಯ್‌ಮೆಂಟ್, ಅಂದರೆ ಸೇನೆ ಬೇರೆಡೆಗೆ ಕಳಿಸುವುದು, ಇದ್ದರೆ ಮನೆ ಲೀಸ್ ಮುರಿಯಬಹುದು, ದಂಡ ಕೇಳುವಂತಿಲ್ಲ. ಲೀಸಿನ ಹೊಟ್ಟೆಯೊಳಗೆ "ನನ್ನ ಹಕ್ಕು ಬಿಟ್ಟುಕೊಡುತ್ತೇನೆ" ಅಂತ ಸೇರಿಸಿದ ಸಾಲಿಗೂ ಬೆಲೆಯಿಲ್ಲ. ಹಾಗೆ ಬಿಟ್ಟುಕೊಡುವುದಾದರೆ ಅದು ಬೇರೆಯದೇ ಕಾಗದದಲ್ಲಿರಬೇಕು. ದಿನದ ಲೆಕ್ಕ ಸ್ವಲ್ಪ ಗಮನಿಸಿ: ನೋಟಿಸ್ ಕೊಟ್ಟ ದಿನದಿಂದ 30 ದಿನ ಅಲ್ಲ. ನೋಟಿಸ್ ಆದ ಮೇಲೆ ಬರುವ ಮೊದಲ ಬಾಡಿಗೆ ದಿನದಿಂದ 30 ದಿನ. ನಾನು ಜುಲೈ 26ಕ್ಕೆ ಕೊಟ್ಟೆ, ಬಾಡಿಗೆ ದಿನ ಆಗಸ್ಟ್ 1, ಹಾಗಾಗಿ ಆಗಸ್ಟ್ 31ಕ್ಕೆ ಲೀಸ್ ಮುಗಿಯಿತು. ಒಂದು ವಾರ ತಡ ಮಾಡಿದ್ದರೆ ಇನ್ನೊಂದು ತಿಂಗಳ ಬಾಡಿಗೆ ಸುಮ್ನೆ ಹೋಗುತ್ತಿತ್ತು. ಲೀಸಿನಲ್ಲಿ ಹೆಂಡತಿಯ ಹೆಸರೂ ಇತ್ತು. ನನ್ನದು ಮುರಿದರೆ ಅವಳ ಹೊಣೆಯೂ ಮುಗಿಯುತ್ತದೆ. ಮ್ಯಾನೇಜರ್ ನಾಲ್ಕು ದಿನ ಬಿಟ್ಟು "ಮೇಲಿನವರು ಸರಿ ಅಂದರು" ಅಂತ ಇಮೇಲ್ ಹಾಕಿದರು. ದಂಡದ ಮಾತು ಮತ್ತೆ ಬರಲಿಲ್ಲ.

ನಿಜವಾದ ತಪ್ಪು ಮಾಡಲು ಹೊರಟಿದ್ದು ಫೋರ್ಟ್ ಹುಡ್‌ನಲ್ಲಿ. ಪಕ್ಕದ ಊರು ಕಿಲೀನ್. ಗೇಟಿನಿಂದ ಹೊರಗೆ ಬಂದರೆ ಕ್ಷೌರದಂಗಡಿ, ಗಿರವಿ ಅಂಗಡಿ, ಕೈಸಾಲ ಕೊಡುವ ಅಂಗಡಿ. ನಮ್ಮೂರಿನ ಮೀಟರ್ ಬಡ್ಡಿಯ ಇಂಗ್ಲಿಷ್ ಅವತಾರ ಅಂದುಕೊಳ್ಳಿ. ಈ ಹಾವಳಿಗೆಂದೇ 2006ರಲ್ಲಿ ಮಿಲಿಟರಿ ಲೆಂಡಿಂಗ್ ಆಕ್ಟ್ ಬಂತು. ಸೇವೆಯಲ್ಲಿರುವಾಗ ಮಾಡುವ ಹೊಸ ಸಾಲಕ್ಕೆ, ಫೀಸು ಗೀಸು ಎಲ್ಲ ಸೇರಿ 36 ಪರ್ಸೆಂಟ್ ಮೀರುವಂತಿಲ್ಲ. ಸೈನಿಕನ ಹೆಂಡತಿ ಮಕ್ಕಳಿಗೂ ಇದು ಅನ್ವಯ. ಮನೆ ಕೊಳ್ಳುವ ಸಾಲ, ಕಾರು ಕೊಳ್ಳುವ ಸಾಲ ಇದರಲ್ಲಿ ಬರುವುದಿಲ್ಲ. ಅಪ್ಪನಿಗೆ ಹೇಳಿದಾಗ ನಕ್ಕರು: "ನೂರಕ್ಕೆ ಮೂರು ರೂಪಾಯಿ! ಇದನ್ನ ರಕ್ಷಣೆ ಅಂತಾರಾ?" ನನಗೂ ಹಾಗೇ ಅನಿಸಿತು. ಅದಕ್ಕೂ ಮೊದಲು ಎಷ್ಟಿತ್ತು ಅಂತ ಕೇಳಿದರೆ ನಗು ಬರುವುದಿಲ್ಲ.

ನನ್ನ ಮುಂದೆ ಬಂದಿದ್ದು ಅಂಥ ಅಂಗಡಿಯಲ್ಲ, ಟೈ ಕಟ್ಟಿದ ಮನುಷ್ಯ. ಕಾರ್ಡಿನ 6,000 ಡಾಲರ್, ಕಾರಿನ ಸಾಲ, ಎಲ್ಲವನ್ನೂ ಸೇರಿಸಿ 12 ಪರ್ಸೆಂಟಿಗೆ ಒಂದೇ ಸಾಲ ಮಾಡಿಕೊಡುತ್ತೇನೆ ಅಂದ. ಕಾರ್ಡು ನೂರಕ್ಕೆ ಎರಡರಿಂದ ಒಂದಕ್ಕೆ ಬರುತ್ತದಲ್ವಾ? ಅರ್ಜಿ ತುಂಬಿಯೇ ಬಿಟ್ಟಿದ್ದೆ. ಬೇರೆ ಕೆಲಸಕ್ಕೆ, ಹೆಂಡತಿಗೆ ಪವರ್ ಆಫ್ ಅಟಾರ್ನಿ ಬರೆಸಲು, ಬೇಸ್‌ನ ಲೀಗಲ್ ಅಸಿಸ್ಟೆನ್ಸ್ ಆಫೀಸಿಗೆ ಹೋದೆ. ಅಲ್ಲಿ ಕಾಸು ಕೊಡಬೇಕಿಲ್ಲ. ಮಾತಿನ ಮಧ್ಯೆ ಈ ಸಾಲದ ಸುದ್ದಿ ಬಂತು. ಅಲ್ಲಿನ ವಕೀಲರು, ಒಬ್ಬ ಕ್ಯಾಪ್ಟನ್, ಪೆನ್ನು ಕೆಳಗಿಟ್ಟರು. "ಹಳೇ ಸಾಲಕ್ಕೆ ಆರು ಸಿಗುತ್ತದೆ. ಈಗ ಹೊಸದಾಗಿ ಬರೆಸಿಕೊಂಡರೆ ಅದು ಸೇವೆಯಲ್ಲಿದ್ದಾಗ ಮಾಡಿದ ಸಾಲ. ಆರು ಹೋಯಿತು, ಹನ್ನೆರಡೇ ಗತಿ." ಸಾಲಪತ್ರದ ಮೇಲಿನ ತಾರೀಖೇ ಎಲ್ಲ. ಅರ್ಜಿ ಹರಿದು ಹಾಕಿದೆ.

ಅವರೇ ಬ್ಯಾಂಕಿಗೆ ಪತ್ರ ಹೇಗೆ ಬರೆಯಬೇಕೆಂದು ತೋರಿಸಿದರು. ಅರ್ಧ ಪುಟ ಸಾಕು. ಖಾತೆ ನಂಬರ್, ಸಾಲ ಮಾಡಿದ ದಿನ, ಸೇವೆಗೆ ಕರೆ ಬಂದ ದಿನ. ಆಮೇಲೆ ಮೂರು ಬೇಡಿಕೆ: ಕರೆ ಬಂದ ದಿನದಿಂದಲೇ 6 ಪರ್ಸೆಂಟ್ ಮಾಡಿ, ಹೆಚ್ಚಿನ ಬಡ್ಡಿ ಮನ್ನಾ ಮಾಡಿ, ಕಂತು ಇಳಿಸಿ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ತಲುಪಿದ ರಸೀದಿ ಇಟ್ಟುಕೊಳ್ಳಿ. ಸೇವೆ ಮುಗಿದು 180 ದಿನದವರೆಗೂ ಕೇಳಲು ಅವಕಾಶವಿದೆ. ಆದರೆ ಅಷ್ಟು ದಿನ ಕೈಯಿಂದ ಕಟ್ಟುತ್ತಾ ಕೂರುವುದು ಯಾಕೆ?

ಕಾರಿನ ಸಾಲದವರು ಮೂರು ವಾರದಲ್ಲಿ ಮಾಡಿಕೊಟ್ಟರು. ಕಾರ್ಡಿನವರು ಇಳಿಸಿದರು, ಆದರೆ ಪತ್ರ ತಲುಪಿದ ದಿನದಿಂದ. ಅಷ್ಟರಲ್ಲಿ ಮೂರು ತಿಂಗಳು ಕಳೆದಿತ್ತು. ತಿಂಗಳಿಗೆ 120 ಡಾಲರ್ ಬಡ್ಡಿ ಬೀಳುತ್ತಿದ್ದ ಕಡೆ 30 ಬೀಳಬೇಕಿತ್ತು, ಅಂದರೆ 270 ಡಾಲರ್ ಅವರ ಹತ್ತಿರ ಉಳಿಯಿತು. ದೊಡ್ಡ ಮೊತ್ತವೇನಲ್ಲ, ಆದರೂ ಕುವೈತ್‌ನ ಸೆಕೆಯಲ್ಲಿ ಕೂತು ಎರಡನೇ ಪತ್ರ ಬರೆದೆ. ಡಿಫೆನ್ಸ್ ಇಲಾಖೆಯ ವೆಬ್‌ಸೈಟಿನಿಂದ ನನ್ನ ಸೇವೆಯ ದಿನಾಂಕದ ಸರ್ಟಿಫಿಕೇಟ್ ತೆಗೆದು ಲಗತ್ತಿಸಿದೆ. ಅದನ್ನು ಬ್ಯಾಂಕಿನವರೇ ತೆಗೆದು ನೋಡಬಹುದಿತ್ತು. ಮುಂದಿನ ಸ್ಟೇಟ್‌ಮೆಂಟಿನಲ್ಲಿ ದುಡ್ಡು ವಾಪಸ್ ಬಂತು, ಕ್ಷಮೆ ಬರಲಿಲ್ಲ. ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2014ರಲ್ಲಿ ವಿದ್ಯಾಸಾಲದ ದೊಡ್ಡ ಕಂಪನಿ ನೇವಿಯೆಂಟ್, ಇದೇ 6 ಪರ್ಸೆಂಟಿನ ವಿಷಯಕ್ಕೆ ಸೈನಿಕರಿಗೆ 6 ಕೋಟಿ ಡಾಲರ್ ಕೊಡಲು ನ್ಯಾಯ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡಿತು.

ಹೆಂಡತಿ ಒಬ್ಬಳದೇ ಹೆಸರಿನ ಕಾರ್ಡಿಗೆ ಆರು ಸಿಗಲಿಲ್ಲ. ಜಂಟಿ ಸಾಲವಾಗಿದ್ದರೆ ಸಿಗುತ್ತಿತ್ತು. ಹಾಗಾಗಿ ನನ್ನ ಕಂತಿನಲ್ಲಿ ಉಳಿದದ್ದನ್ನೆಲ್ಲ ಅವಳ ಕಾರ್ಡಿಗೆ ಸುರಿದೆವು. ಹಾಸನದ ಬ್ಯಾಂಕಿನಲ್ಲಿ ಅಪ್ಪನ ಜೊತೆ ನಾನೂ ಸಹಿ ಹಾಕಿದ್ದ ಮನೆ ಸಾಲಕ್ಕೂ ಈ ಕಾನೂನು ಮುಟ್ಟುವುದಿಲ್ಲ. ಅಪ್ಪ, "ನಮ್ಮ ಸಿಪಾಯಿಗಳಿಗೆ ಇಂಥದ್ದು ಇಲ್ವಾ?" ಅಂತ ಕೇಳಿದರು. ಭಾರತದಲ್ಲಿ 1925ರ ಒಂದು ಕಾಯಿದೆಯಿದೆ. ಯುದ್ಧದಂಥ ಸ್ಥಿತಿಯಲ್ಲಿ ದೂರದಲ್ಲಿರುವ ಸೈನಿಕನ ಬೆನ್ನ ಹಿಂದೆ ಕೋರ್ಟಿನ ಕೇಸು ನಡೆಯದಂತೆ ತಡೆಯುವುದಕ್ಕೆ. ಬಡ್ಡಿಯ ಮಾತು ಅದರಲ್ಲಿಲ್ಲ.

ಇನ್ನೆರಡು ಕೆಲಸ ಹತ್ತು ನಿಮಿಷದವು. ಕುವೈತ್‌ನಲ್ಲಿ ಸಿಗ್ನಲ್ ಇಲ್ಲದ ಫೋನ್ ಕಂಪನಿಯ ಕಾಂಟ್ರಾಕ್ಟ್ ದಂಡವಿಲ್ಲದೆ ಮುರಿದೆ. ನನ್ನ ಸಾಲಗಳ ಇತಿಹಾಸವಿರುವ ಕ್ರೆಡಿಟ್ ರಿಪೋರ್ಟಿನ ಮೇಲೆ ಆ್ಯಕ್ಟಿವ್ ಡ್ಯೂಟಿ ಅಲರ್ಟ್ ಹಾಕಿಸಿದೆ. ಅದು ಬಿಟ್ಟಿ, ಒಂದು ವರ್ಷ ಇರುತ್ತದೆ. ನನ್ನ ಹೆಸರಿನಲ್ಲಿ ಯಾರಾದರೂ ಸಾಲ ಎತ್ತಲು ಬಂದರೆ ಅದು ನಾನೇನಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಹಳೇ ವಿಳಾಸಕ್ಕೆ ಟಪಾಲು ಹೋಗುತ್ತಿದ್ದ ಕಾಲದಲ್ಲಿ ಇದೊಂದು ನೆಮ್ಮದಿ.

ಸೇವೆ ಮುಗಿಸಿ ಬಂದ ಮೇಲಿನ ಸ್ಟೇಟ್‌ಮೆಂಟಿನಲ್ಲೇ ಕಾರ್ಡು ಮತ್ತೆ 24ಕ್ಕೆ ಏರಿತು. ಇಳಿಸಲು ಎರಡು ಪತ್ರ ಬೇಕಾಗಿತ್ತು, ಏರಿಸಲು ಒಂದೂ ಬೇಕಾಗಲಿಲ್ಲ. ಅಪ್ಪನಿಗೆ ಫೋನ್ ಮಾಡಿ "ಎಂಟಾಣೆ ಮುಗೀತು" ಅಂದೆ.

"ಇನ್ನೆಷ್ಟು ಉಳಿದಿದೆ?"

"ಎಂಟುನೂರು ಡಾಲರ್."

"ನಾಳೇನೇ ಕಟ್ಟಿಬಿಡು" ಅಂದರು. ಕಟ್ಟಿದೆ.